ಇಂಗಾಲ ಹದಿನಾಲ್ಕು

ನಮ್ಮ ಮನ್ಯಾಗ ಒಂದ ಹೆಸರಿನ ಮೂರು ಹುಡುಗ್ಯಾರು ಇದ್ವಿ. ಹೆಸರು ನಮ್ಮ ಆಯಿದು, ಅಂದ್ರ ಅಪ್ಪನ ಅವ್ವಂದು. ಆಕಿ ತೀರಿಕೊಂಡ ಮ್ಯಾಲ ಮೂರೂ ಮಂದಿ ಗಂಡುಮಕ್ಕಳು, ತಮಗ ಹುಟ್ಟೋ ಮೊದಲನೇ ಹೆಣ್ಣುಕೂಸಿಗೆ ಅವ್ವನ ಹೆಸರ ಇಡಬೇಕಂತ ಮನಸಿನ್ಯಾಗ ಗಂಟು ಹಾಕ್ಕೊಂಡಿದ್ರು. ಮೊದಲು ದೊಡ್ಡಪ್ಪ ಇಟ್ಟ. ಆಮ್ಯಾಲ ನಾ ಹುಟ್ಟಿದೆ, ನಮ್ಮಪ್ಪನೂ ಅದನ್ನ ಇಟ್ಟ. ಕಡೀಕ ಕಾಕಾನ ಮಗಳು ಬಂದ್ಲು, ಅಕಿಗೂ ಅದ. ಇಷ್ಟು ಮಂದ್ಯಾಗ ಇನ್ನೊಂದು ಹೆಸರು ಯಾರಿಗೂ ಹೊಳೀಲಿಲ್ಲೇನು ಅಂತ ನೀವು ಕೇಳಬಹುದು. ಹೊಳದಿದ್ರೂ ಇಡ್ತಿರಲಿಲ್ಲ. ಅಣ್ಣ ಇಟ್ಟಾನಂತ ತಮ್ಮ ಬಿಡಾಕ, ಆಕಿ ಏನು ಅಣ್ಣಗೊಬ್ಬಗ ಅವ್ವೇನು?

ಪಜೀತಿ ಆದದ್ದು ನಮ್ಮನ್ನ ಹಡದ ಅವ್ವಂದಿರಿಗೆ. ನಮ್ಮ ಕಡೆ ಸೊಸಿ ಆದಾಕಿ ಗಂಡನ ಹೆಸರು ಹ್ಯಾಂಗ ತಗೊಳ್ಳಂಗಿಲ್ಲೋ ಹಂಗ ಅತ್ತಿ ಹೆಸರೂ ತಗೊಳ್ಳಂಗಿಲ್ಲ. ಅತ್ತಿ ಸತ್ತು ಎಷ್ಟೋ ವರ್ಷ ಆಗಿದ್ರೂ ಅಷ್ಟ. ಹಿಂಗಾಗಿ ಹೊಟ್ಟ್ಯಾಗ ಹುಟ್ಟಿದ ಮಗಳನ್ನ ಹೆಸರು ಹಿಡದು ಕರಿಯೋ ಭಾಗ್ಯ ಆ ಮೂವರಿಗೂ ಇರಲಿಲ್ಲ. ದೊಡ್ಡಾಕಿ, ನಡುವಿನಾಕಿ, ಸಣ್ಣಾಕಿ ಅಂತಿದ್ರು. ನನ್ನ ಸಾಲಿಗೆ ಹಚ್ಚಾಕ ಕರಕೊಂಡು ಹೋದಾಗ ಮಾಸ್ತರ್ರು ಹುಡುಗಿ ಹೆಸರೇನು ಅಂತ ಕೇಳಿದ್ರ, ಅವ್ವ ಸೆರಗು ಹಲ್ಲಾಗ ಕಚ್ಚಿಕೊಂಡು ನನ್ನ ಬೆನ್ನಿಗೆ ತಿವದ್ಲು, ನೀನ ಹೇಳು ಅಂತ. ನಾ ಸಿಟ್ಟಿಗೆದ್ದು ಸುಮ್ನ ನಿಂತೆ. ಮಾಸ್ತರ್ರು ಪಾಪ, ಹುಡುಗಿ ಮೂಕಿ ಅದಾಳೇನು ಅಂತ ಕೇಳಿದ್ರು. ಈಗ ನಾನೂ ಇಲ್ಲಿ ಆ ಹೆಸರು ಬರಿಯಂಗಿಲ್ಲ. ಅವ್ವಂದಿರು ಜೀವ ಇರೋತನಕ ಬಾಯಾಗ ಕಟ್ಟಿ ಇಟ್ಟದ್ದನ್ನ ನಾ ಕಾಗದದ ಮ್ಯಾಲ ಒಗಿಯಾಕ ಮನಸಿಲ್ಲ.

ನಮ್ಮೂರು ಮುದ್ದೇಬಿಹಾಳದಿಂದ ನಾಲತವಾಡಕ್ಕ ಹೋಗೋ ಹಾದಿ ಮ್ಯಾಲ. ಎಪ್ಪತ್ತರ ದಶಕದಾಗ ಊರಿಗೆ ಏಳನೇತ್ತದ ತನಕ ಸಾಲಿ ಇತ್ತು. ಮುಂದ ಕಲಿಬೇಕಂದ್ರ ಮುದ್ದೇಬಿಹಾಳಕ್ಕ ಹೋಗಬೇಕು. ದೊಡ್ಡಪ್ಪನ ಮಗಳು, ನಮ್ಮ ಅಕ್ಕ, ಏಳನೇತ್ತ ಪಾಸಾದಾಗ ಮುಂಜಾನಿ ಬಸ್ಸು ಇರಲಿಲ್ಲ. ಮ್ಯಾಲ ದೊಡ್ಡವ್ವಗ ಮಂಡಿ ನೋವು. ಅಕ್ಕನ ಸಾಲಿ ಅಲ್ಲಿಗೆ ಮುಗೀತು, ರೊಟ್ಟಿ ಸುರು ಆತು. ನಾ ಏಳನೇತ್ತ ಮುಗಿಸೋ ಹೊತ್ತಿಗೆ ಮುಂಜಾನಿ ಬಸ್ಸು ಬಂತು. ಅಕ್ಕಗಿಂತ ನಾ ಶ್ಯಾಣ್ಯಾಕಿ ಅಂತ ಯಾರೂ ತಿಳಕೊಳ್ಳಬ್ಯಾಡ್ರಿ, ನಂಗ ಬಸ್ಸು ಸಿಕ್ಕಿತು ಅಷ್ಟ.

ಅಕ್ಕ ಮೈ ತುಂಬಿದಾಕಿ. ಎತ್ತರನೂ ಇದ್ಲು, ಅಗಲನೂ ಇದ್ಲು. ನಕ್ಕರ ಹೊಟ್ಟಿ, ಭುಜ, ಕೈಯಾಗಿನ ಬಳಿ ಎಲ್ಲಾ ನಗ್ತಿದ್ವು. ನನಗಂತೂ ಅಕಿ ಮಗ್ಗಲಾಗ ಮಲಗಿದ್ರ ಕೌದಿ ಬೇಕಾಗ್ತಿರಲಿಲ್ಲ. ಆದ್ರ ಕನ್ಯಾ ನೋಡಾಕ ಬರಾವ್ರ ಕಣ್ಣು ಬ್ಯಾರೆ. ಸಿಂದಗಿ ಕಡೆಯವ್ರು ಬಂದು ಶಿರಾ ಎರಡೆರಡು ಸಲ ಹಾಕಿಸ್ಕೊಂಡು ಉಂಡು, ಊರಿಗೆ ಹೋಗಿ, ಹುಡುಗಿ ದಪ್ಪ ಆತು ಅಂತ ಹೇಳಿ ಕಳಿಸಿದ್ರು. ಇಂಡಿ ಕಡೆಯಿಂದ ಬಂದ ಒಬ್ಬಾಕಿ ಮುದುಕಿ ಅಕ್ಕನ ರೆಟ್ಟಿ ಹಿಡದು ಹಿಚುಕಿ ನೋಡಿದ್ಲು, ಸಂತ್ಯಾಗ ಬದನಿಕಾಯಿ ನೋಡಿದಂಗ. ಅವರ ಮಗಾ ನೋಡಿದ್ರ ಗಾಳಿ ಬೀಸಿದ್ರ ಹಾರೋವಂಥಾವ. ನಂಗ ಮೈಯೆಲ್ಲಾ ಉರದು ಹೋತು. ಅಕ್ಕ ಎಲ್ಲಾರೂ ಹೋದ ಮ್ಯಾಲ ಹಿತ್ತಲದಾಗ ಕುಂತು ತಾಟು ತೊಳದ್ಲು, ಬೂದಿ ಹಚ್ಚಿ ಹಚ್ಚಿ, ತೊಳದ ತಾಟನ್ನ ಮತ್ತ ತೊಳದ್ಲು.

ಹಿಂಗಿರುವಾಗ ಬಸವನ ಬಾಗೇವಾಡಿ ಕಡೆಯಿಂದ ಒಂದು ಮಾತು ಬಂತು. ತಂದಾತ ನಾಲತವಾಡದ ಹಿರಿಯಾ, ದೂರದ ಬೀಗರು. ಲಗ್ನ ಜೋಡ್ಸೋದು ಅಂದ್ರ ಆ ಮುದುಕಗ ಉಣ್ಣೋದಕ್ಕಿಂತ ಪ್ರೀತಿ. ವರ ಬಿ.ಎಸ್ಸಿ. ಮುಗಿಸಿ ಹೈಸ್ಕೂಲಿನ್ಯಾಗ ಸಾಯಿನ್ಸ್ ಮಾಸ್ತರ ಆಗಿದ್ದ. ಅವನ ಹಟ ಒಂದ: ಹುಡುಗಿ ಸಾಯಿನ್ಸ್ ತಿಳದಾಕಿ ಇರಬೇಕು, ಮನ್ಯಾಗ ನಾಕು ಮಾತು ಆಡಾಕ ಬರಬೇಕು. ತಾಳಿಕೋಟ್ಯಾಗ ಒಂದು ಹುಡುಗಿ ನೋಡಾಕ ಹೋದಾಗ, ಮಂಜುಗಡ್ಡಿ ನೀರಾಗ ಯಾಕ ತೇಲ್ತೈತಿ ಅಂತ ಕೇಳಿದ್ನಂತ. ಆ ಹುಡುಗಿ ಮಂಜುಗಡ್ಡಿ ನೋಡಿದ್ದ ಇಲ್ಲ, ಅತ್ತುಬಿಟ್ಲಂತ. ಇಂಥಾ ವರಕ್ಕ ನಮ್ಮ ಹಿರಿಯಾ, ಅವರ ಮನ್ಯಾಗ ಇಂಥಾ ಹೆಸರಿನಾಕಿ ಒಬ್ಬಾಕಿ ಹತ್ತನೇತ್ತ ಓದ್ತಾಳ, ಸಾಯಿನ್ಸಿನ್ಯಾಗ ಮುಂದ ಅದಾಳ ಅಂತ ಹೇಳಿ ಬಂದಿದ್ದ.

ಹತ್ತನೇತ್ತ ಓದಾಕಿ ನಾನು.

ಆದ್ರ ದೊಡ್ಡಪ್ಪನ ಲೆಕ್ಕ ಬ್ಯಾರೆ. ಮನ್ಯಾಗ ದೊಡ್ಡ ಮಗಳು ಇರುವಾಗ ನಡುವಿನಾಕಿದು ಹ್ಯಾಂಗ ಮಾಡಾಕ ಬರ್ತೈತಿ? ಅವ್ರು ಹೆಸರು ಹೇಳ್ಯಾರ, ನಾವು ಆ ಹೆಸರಿನ ಹುಡುಗಿನ ತೋರಸ್ತೇವಿ, ಇದ್ರಾಗ ಸುಳ್ಳು ಎಲ್ಲಿ ಬಂತು ಅಂದ. ನಾಲತವಾಡದ ಹಿರಿಯಾನೂ ತಲಿ ಕೆರಕೊಂಡು, ಹೌದು, ಸುಳ್ಳೇನಲ್ಲ ಅಂದ. ಯಾರೂ ಬಾಯಿ ಬಿಡಬಾರದು ಅಂತ ನಮಗೆಲ್ಲಾ ತಾಕೀತು ಆತು. ನಂಗ ಅಂತೂ ಹಾಲು ಕುಡದಷ್ಟು ಸಂತೋಷ. ಮುದ್ದೇಬಿಹಾಳದ ಸಾಯಿನ್ಸ್ ಮಾಸ್ತರ್ರು ನಂಗ ಪಿಯುಸಿಗೆ ಸಾಯಿನ್ಸ್ ತಗೊ ಅಂತ ಹೇಳಿದ್ರು, ನಾ ಆಗಲೇ ಮನಸಿನ್ಯಾಗ ಕಾಲೇಜಿನ ಬೆಂಚಿನ ಮ್ಯಾಲ ಕುಂತಿದ್ದೆ. ಆ ವರ ನನ್ನ ಕೇಳಿದ್ನಂದ್ರ ನನ್ನ ಪುಸ್ತಕ ಎಲ್ಲಾ ಅಟ್ಟಕ್ಕ ಹೋಗ್ತಿದ್ವು. ಅಕ್ಕ ಆ ಪರೀಕ್ಷಾ ಪಾಸಾದ್ರ ಅಕಿಗೂ ಪಾರು, ನನಗೂ ಪಾರು. ಹಿಂಗಾಗಿ ಅಕಿಗೆ ಸಾಯಿನ್ಸ್ ಕಲಿಸೋ ಕೆಲಸ ನಾ ತಗೊಂಡೆ. ಅಕ್ಕನೂ ಹೂಂ ಅಂದ್ಲು. ಯಾಕಂತ ಕೇಳಿದ್ದಕ್ಕ, ಒಂದು ವರ್ಷದ ಹಿಂದ ಬಾಗೇವಾಡ್ಯಾಗ ಒಂದು ಲಗ್ನದಾಗ ಆ ಮಾಸ್ತರನ್ನ ನೋಡಿದ್ಲಂತ. ಅಕ್ಕ ಉಣ್ಣಾಕ ಬಡಸುವಾಗ ಎಲ್ಲಾರೂ ಕೈ ಅಡ್ಡ ಹಿಡದು ಸಾಕು ಸಾಕು ಅಂದ್ರ, ಅಂವ ತಲಿ ಎತ್ತಿ, ನೀವು ಉಂಡ್ರೇನು ಅಂತ ಕೇಳಿದ್ನಂತ. ಅಷ್ಟ ಮಾತು. ಅದನ್ನ ನನಗ ಹೇಳುವಾಗ ಅಕ್ಕನ ಕಿವಿ ಕೆಂಪಾಗಿದ್ವು.

ಸಂಜಿ ಮುಂದ ಅಕಿ ಒಲಿ ಮುಂದ ರೊಟ್ಟಿ ಬಡೀತಿದ್ಲು, ನಾ ಬಾಗಲ ಹಂತ್ಯಾಕ ಪುಸ್ತಕ ಹಿಡಕೊಂಡು ಕುಂಡ್ರತಿದ್ದೆ. ಬೆಳಕಿನ ಪಾಠ ಹೇಳಿದೆ, ತಲಿಗೆ ಹತ್ತಲಿಲ್ಲ. ಆಮ್ಲಜನಕ ಹೇಳಿದೆ, ಹತ್ತಲಿಲ್ಲ. ಕಾಂತದ ಪಾಠ ಹೇಳಿದ್ರ ಅಕಿ ಹಿಟ್ಟಿನ್ಯಾಗ ನೀರು ಹೆಚ್ಚಾತು ಅಂತ ಕೂಗಿದ್ಲು. ನಂಗ ತಾಳ್ಮಿ ಕಮ್ಮಿ, ಆಗಲೂ ಕಮ್ಮಿ, ಈಗಲೂ ಕಮ್ಮಿ. ನೀ ಹಿಂಗ ಮಾಡಿದ್ರ ನನ್ನ ಕೊರಳಿಗೆ ತಾಳಿ ಬೀಳ್ತೈತಿ ನೋಡು ಅಂತ ಬೈದೆ. ಅಕಿ ನಕ್ಕೊಂತ, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೊಟ್ಲು. ಬೈಯೋ ಬಾಯಿ ಮುಚ್ಚಿಸಾಕ ಅಕಿಗೆ ಚಲೋ ಗೊತ್ತಿತ್ತು.

ಆ ವಾರ ನಮಗ ಸಾಲ್ಯಾಗ ಪರಮಾಣು ಪಾಠ ನಡದಿತ್ತು. ಪುಸ್ತಕದಾಗ ಸಮಸ್ಥಾನಿ ಅಂತ ಇತ್ತು, ಮಾಸ್ತರ್ರು ಐಸೋಟೋಪ್ ಅಂತಿದ್ರು. ಸಮಸ್ಥಾನಿ ಅಂದದ್ದಕ್ಕ ಅಕ್ಕ, ಅದು ಜಮಖಂಡಿ ಸಂಸ್ಥಾನ ಇದ್ದಂಗ ಏನಬೇ ಅಂದ್ಲು. ಅಲ್ಲ, ಒಂದ ಜಾಗಾದಾಗ ಇರೋವು, ಒಂದ ಹೆಸರಿನವು, ತೂಕ ಅಷ್ಟ ಬ್ಯಾರೆ ಬ್ಯಾರೆ ಅಂದೆ. ಇಂಗಾಲ ಅಂತ ಒಂದು ಐತಿ, ಇದ್ದಲಿನ್ಯಾಗ ಇರ್ತೈತಲ್ಲ ಅದು. ಅದ್ರಾಗ ಹನ್ನೆರಡು ತೂಕದ್ದೂ ಇಂಗಾಲನ, ಹದಿಮೂರು ತೂಕದ್ದೂ ಇಂಗಾಲನ, ಹದಿನಾಲ್ಕರದ್ದೂ ಇಂಗಾಲನ. ಅಕ್ಕನ ಕೈ ನಿಂತು ಹೋತು. ಮೂರು ಮಂದಿಗೆ ಒಂದ ಹೆಸರು, ಅಂದ್ಲು. ಹಂಚಿನ ಮ್ಯಾಲಿನ ರೊಟ್ಟಿ ಉಬ್ಬಿ ಕರ್ರಗಾತು. ನಾನೂ ಅಲ್ಲೀತನಕ ಅದನ್ನ ವಿಚಾರ ಮಾಡಿದ್ದಿಲ್ಲ. ಸಣ್ಣಾಕಿ ಹನ್ನೆರಡು, ನಾ ಹದಿಮೂರು, ಅಕ್ಕ ಹದಿನಾಲ್ಕು ಅಂತ ಅಲ್ಲೇ ಒಲಿ ಮುಂದ ಹಂಚಿಕೊಂಡ್ವಿ.

ಎಣಿಕಿ ಹೇಳಿಕೊಡೋದು ಅಷ್ಟು ಸಸಾರ ಆಗಲಿಲ್ಲ. ಪರಮಾಣುದ ಒಳಗ ನಡು ಇರೋದಕ್ಕ ಪಡಸಾಲಿ ಅನ್ನು ಅಂದೆ. ಅಲ್ಲಿ ಪ್ರೋಟಾನು ಕುಂತಿರ್ತಾವು, ಮನಿ ಗಂಡುಮಕ್ಕಳು. ಮನಿ ಹೆಸರು ನಡಿಯೋದು ಅವರಿಂದ. ಗಂಡುಮಕ್ಕಳು ಎಷ್ಟು ಮಂದಿ ಅಂತ ಎಣಿಸಿದ್ರ ಯಾವ ಮನಿ ಅಂತ ಗೊತ್ತಾಗ್ತೈತಿ. ಆರು ಇದ್ರ ಅದು ಇಂಗಾಲದ ಮನಿ. ನಮ್ಮ ಮನ್ಯಾಗ ಮೂರು, ಹಂಗ ನೋಡಿದ್ರ ನಾವು ಲಿಥಿಯಂ ಆಗಬೇಕು, ಆ ಮಾತು ಬಿಡ್ರಿ. ಹೊರಗ ಸುತ್ತೋವು ಎಲೆಕ್ಟ್ರಾನು, ಸೊಸ್ತ್ಯಾರು. ಬಾವಿ, ಒಲಿ, ದನದ ಮನಿ ಅಂತ ದಿನಪೂರ್ತಿ ಸುತ್ತೋದ ಸುತ್ತೋದು, ಒಂದ ಕಡೆ ಕುಂಡ್ರೋದಂತೂ ಇಲ್ಲ. ಮಗಾ ಒಬ್ಬ ಅಂದ್ರ ಸೊಸಿ ಒಬ್ಬಾಕಿ, ಅದಕ್ಕ ಎರಡೂ ಸರಿಸಮ. ಇನ್ನ ನ್ಯೂಟ್ರಾನು ಅಂದ್ರ ಯಾರು ಅಂತ ಅಕ್ಕ ತಾನ ಕೇಳಿದ್ಲು. ನಾ ಪಡಸಾಲಿ ಕಡೆ ಕೈ ಮಾಡಿದೆ. ಅಲ್ಲಿ ಅಕ್ಕನ ಸೋದರಮಾವ ಮಲಗಿದ್ದ. ಸಣ್ಣಾಕಿ ಜವಳಕ್ಕಂತ ಬಂದಾವ, ಹೋಗಿದ್ದಿಲ್ಲ. ಯಾರಿಗೂ ಬೈಯಂಗಿಲ್ಲ, ಯಾರಿಗೂ ಹೊಗಳಂಗಿಲ್ಲ, ಮನಿ ಜಗಳದಾಗ ಆ ಕಡೆನೂ ಇಲ್ಲ ಈ ಕಡೆನೂ ಇಲ್ಲ. ತೂಕಕ್ಕ ಮಾತ್ರ ಲೆಕ್ಕಕ್ಕ ಬರ್ತಿದ್ದ. ಅಕ್ಕ ಸೆರಗು ಬಾಯಾಗ ತುರುಕಿಕೊಂಡು ನಕ್ಕಳು, ಮಾವ ಎದ್ದುಗಿದ್ದಾನಂತ.

ಇಷ್ಟಾದ ಮ್ಯಾಲ ಎಣಿಸು ಅಂದೆ. ಹನ್ನೆರಡು ತೂಕದ ಇಂಗಾಲಕ್ಕ ಪ್ರೋಟಾನು ಆರು, ಅದನ್ನ ತೂಕದಾಗ ಕಳದ್ರ ನ್ಯೂಟ್ರಾನು ಆರು, ಎಲೆಕ್ಟ್ರಾನು ಆರು. ಸರಿ ಹೇಳಿದ್ಲು. ಹದಿಮೂರಕ್ಕ ಪ್ರೋಟಾನು ಆರು, ನ್ಯೂಟ್ರಾನು ಏಳು. ಅದೂ ಸರಿ. ಎಲೆಕ್ಟ್ರಾನು ಎಷ್ಟು ಅಂದ್ರ ಏಳು ಅಂದ್ಲು. ಹದಿನಾಲ್ಕಕ್ಕ ಎಂಟು ಅಂದ್ಲು. ತಪ್ಪು ಅಂದೆ. ಮರದಿನ ಕೇಳಿದೆ, ಮತ್ತ ಏಳು, ಮತ್ತ ಎಂಟು. ಎಷ್ಟು ಸಲ ತಿದ್ದಿದ್ರೂ ಅಕಿ ಎಲೆಕ್ಟ್ರಾನು ಏರಸೋದು ಬಿಡಲಿಲ್ಲ. ನಂಗ ಸಾಕಾಗಿ ಪುಸ್ತಕ ಮುಚ್ಚಿ, ಯಾಕ ಹಂಗ ಏರಸ್ತೀದಿ ಅಂತ ಕೇಳಿದೆ. ಅಕ್ಕ ನನ್ನ ಹುಚ್ಚಿ ನೋಡಿದಂಗ ನೋಡಿದ್ಲು.

"ಉಣ್ಣಾವ್ರು ಹೆಚ್ಚಾದ್ರ ಮಾಡಾವ್ರು ಹೆಚ್ಚಾಗಬೇಕಲ್ಲ?"

ಅಕಿ ಅಂದದ್ದು ತಪ್ಪು ಅಂತ ಯಾವ ಬಾಯಿಲೆ ಅನ್ನಲಿ? ಆದ್ರ ಪರಮಾಣುದಾಗ ಹಂಗ ಇಲ್ಲಲ್ಲ. ಇಲ್ಲಕ್ಕ, ಮಾವನಂಥಾವ್ರು ಎಷ್ಟು ಮಂದಿ ಬಂದು ಕುಂತ್ರೂ ಸೊಸ್ತ್ಯಾರು ಹೆಚ್ಚಾಗಂಗಿಲ್ಲ, ಗಂಡುಮಕ್ಕಳು ಎಷ್ಟೋ ಸೊಸ್ತ್ಯಾರು ಅಷ್ಟ, ಇದ್ದ ಆರು ಮಂದಿನ ಎಲ್ಲಾರಿಗೂ ಮಾಡಿ ಹಾಕಬೇಕು ಅಂದೆ. ಅಕ್ಕ ಒಲ್ಯಾಗಿನ ಕಟಿಗಿ ಮುಂದ ದೂಡಿದ್ಲು. ಆಮ್ಯಾಲ, ಹಂಗಾದ್ರ ಈ ಪುಸ್ತಕ ಬರದಾವ್ರು ನಮ್ಮ ಮನಿಗೆ ಬಂದು ಹೋಗ್ಯಾರ ಬಿಡು ಅಂದ್ಲು. ಅವತ್ತಿನಿಂದ ಒಂದು ಸಲನೂ ತಪ್ಪಲಿಲ್ಲ. ಕಬ್ಬಿಣ ಕೇಳ್ರಿ, ಕ್ಲೋರಿನ್ ಕೇಳ್ರಿ, ಮ್ಯಾಲಿನ ತೂಕದ ಅಂಕಿ, ಕೆಳಗಿನ ಪ್ರೋಟಾನಿನ ಅಂಕಿ ಹೇಳಿದ್ರ ಸಾಕು, ಹಿಟ್ಟಿನ ಕೈಯಾಗಿನ ಬೆರಳು ಮಡಿಚಿ ತಟಕ್ಕನ ಹೇಳ್ತಿದ್ಲು. ಹದಿನಾಲ್ಕು ತೂಕದ ಇಂಗಾಲ ಗಟ್ಟಿ ಇರಂಗಿಲ್ಲ, ತಾನಾಗೇ ಒಡೀತೈತಿ ಅಂತನೂ ಪುಸ್ತಕದಾಗ ಇತ್ತು. ಅದನ್ನ ನಾ ಹೇಳಲಿಲ್ಲ. ಲಗ್ನದ ಮಾತು ನಡದಾಗ ಒಡಿಯೋ ಮಾತು ಯಾಕ ಅಂತ.

ಬಾಗೇವಾಡಿಯವ್ರು ಬಂದ್ರು. ವರ, ಅವರವ್ವ, ಅವನ ಸೋದರಮಾವ, ಜೊತಿಗೆ ನಾಲತವಾಡದ ಹಿರಿಯಾ. ಅಕ್ಕ ಇಳಕಲ್ಲ ಸೀರಿ ಉಟಗೊಂಡು ಜಮಖಾನಿ ಮ್ಯಾಲ ತಲಿ ಬಗ್ಗಿಸಿ ಕುಂತ್ಲು. ಹೆಸರು ಕೇಳಿದ್ರು, ಹೇಳಿದ್ಲು. ನಾ ಚಹಾ ತಗೊಂಡು ಹೋದೆ, ವರನ ಅವ್ವ ಸುಮ್ನಿರದ, ನಿನ್ನ ಹೆಸರೇನವಾ ಅಂತ ನನ್ನೂ ಕೇಳಿದ್ಲು. ಹೇಳದ ಇರಾಕ ಆಕ್ಕೈತೇನು? ಹೇಳಿದೆ. ಸಣ್ಣಾಕಿ ಎಲಿ ಅಡಿಕಿ ತಾಟು ತಂದ್ಲು, ಅಕಿಗೂ ಅದ ಪ್ರಶ್ನಿ, ಅದ ಉತ್ತರ. ವರನ ಅವ್ವಗ ನಗಿ ತಡೀಲಿಲ್ಲ. ಹಂಗಾದ್ರ ನೀವು ಹ್ಯಾಂಗ ಕರೀತೀರಿ ಅಂತ ದೊಡ್ಡವ್ವನ್ನ ಕೇಳಿದ್ಲು. ಅದು ನಮ್ಮ ಅತ್ತಿಯವ್ರ ಹೆಸರ್ರೀ, ನಾವು ತಗೊಳ್ಳಂಗಿಲ್ಲ ಅಂತ ದೊಡ್ಡವ್ವ ಅಂದದ್ದಕ್ಕ, ಅಕಿ ನಗೋದು ಬಿಟ್ಟು ತಲಿ ಆಡಿಸಿದ್ಲು. ಅಕಿನೂ ಸೊಸಿನ ಅಲ್ಲೇನು.

ಅಷ್ಟರಾಗ ನಮ್ಮ ಪುಣ್ಯಾಕ ಎತ್ತಿನ ಮಾತು ಬಂತು. ವರನ ಸೋದರಮಾವ ತಾಳಿಕೋಟಿ ಸಂತ್ಯಾಗ ಎತ್ತು ತಂದಿದ್ನಂತ, ದೊಡ್ಡಪ್ಪನೂ ಅಲ್ಲೇ ತಂದಿದ್ದ. ಎತ್ತಿನ ಹಲ್ಲು, ಸುಳಿ, ಕೊಂಬು ಅಂತ ಗಂಡಸರೆಲ್ಲಾ ಅದ್ರಾಗ ಮುಳುಗಿ ಹೋದ್ರು. ಹೆಂಗಸರು ಒಂದು ಕಡೆ ಬಳಿ ಬಗ್ಗಿ ಮಾತಾಡಾಕತ್ತಿದ್ರು. ಆಗ ವರ ಸಣ್ಣ ದನಿಲೆ ಅಕ್ಕನ್ನ ಕೇಳಿದ. ನಾ ಖಾಲಿ ಕಪ್ಪು ಬಸಿ ತಗೊಳ್ಳೋ ನೆವದಾಗ ಅಲ್ಲೇ ನಿಂತಿದ್ದೆ, ಹಿಂಗಾಗಿ ಆ ಮಾತು ಕೇಳಿದಾವ್ರು ನಾವು ಮೂವರ.

ಸಾಯಿನ್ಸ್ ಓದ್ತೀರಂತಲ್ಲ ಅಂದ. ಓದೇನ್ರಿ, ಒಂದ ಪಾಠ ಅಂದ್ಲು ಅಕ್ಕ. ಅಂವ ಯಾವದು ಅಂದ. ಐಸೋಟೋಪದ್ದು ಅಂದ್ಲು. ಅವನ ಮೋತಿ ಮ್ಯಾಲ ಏನೋ ಒಂದು ಬೆಳಕು ಬಂತು, ಪಾಠ ಮಾಡೋರಿಗೆ ಬರ್ತೈತಲ್ಲ ಅಂಥಾದ್ದು. ಇಂಗಾಲದ್ದು ಹೇಳ್ರಿ ನೋಡೋಣು ಅಂದ. ಅಕ್ಕ ಸೀರಿ ಸೆರಗಿನ ಒಳಗ ಬೆರಳು ಮಡಿಚೋದು ನನಗ ಕಾಣಿಸ್ತು. ಪ್ರೋಟಾನು ಮೂರಕ್ಕೂ ಆರ, ಎಲೆಕ್ಟ್ರಾನೂ ಮೂರಕ್ಕೂ ಆರ, ನ್ಯೂಟ್ರಾನು ಒಂದಕ್ಕ ಆರು, ಒಂದಕ್ಕ ಏಳು, ಒಂದಕ್ಕ ಎಂಟು ಅಂತ ಒಂದ ಉಸಿರಿಗೆ ಹೇಳಿದ್ಲು. ನಾ ಒಳಗೊಳಗ, ಆತು, ಗೆದ್ವಿ ಅಂದೆ. ಅಂವ ಅಷ್ಟಕ್ಕ ಬಿಡಬಾರದೇನು? ಈ ಒಂದ ಪಾಠ ಹ್ಯಾಂಗ ನೆನಪಿನ್ಯಾಗ ಉಳೀತು ಅಂತ ಕೇಳಿದ. ಅಕ್ಕ ತಲಿ ಎತ್ತಿದ್ಲು.

"ನಾವು ಮೂವರೂ ಅದ ಅದೇವಲ್ರೀ. ಎಲಿ ಅಡಿಕಿ ತಂದಾಕಿ ಹನ್ನೆರಡು, ಚಹಾ ತಂದಾಕಿ ಹದಿಮೂರು, ನಾ ಹದಿನಾಲ್ಕು. ಹತ್ತನೇತ್ತ ಓದಾಕಿ ಹದಿಮೂರು. ನಾ ಏಳನೇತ್ತಕ್ಕ ಬಿಟ್ಟಾಕಿ. ನೀವು ಯಾರ್ನ ಕೇಳಿ ಬಂದೀರಿ, ನೋಡ್ಕೋರಿ."

ಅಂವ ಸಣ್ಣಾಕಿ ಕಡೆ ಒಮ್ಮಿ ನೋಡಿದ, ನನ್ನ ಕಡೆ ಒಮ್ಮಿ ನೋಡಿದ, ಆಮ್ಯಾಲ ಅಕ್ಕನ್ನ ನೋಡಿದ, ಬಾಳ ಹೊತ್ತು ನೋಡಿದ. ಅಷ್ಟರಾಗ ಎತ್ತಿನ ಮಾತು ಮುಗೀತು, ಬಸ್ಸಿನ ಹೊತ್ತಾತು ಅಂತ ಎಲ್ಲಾರೂ ಎದ್ರು. ಪಸಂದ ಆಗಿದ್ರ ಉಡಿ ತುಂಬಿ ಹೋಗ್ತಿದ್ರು. ಉಡಿ ತುಂಬಲಿಲ್ಲ. ಹೇಳಿ ಕಳಸ್ತೇವಿ ಅಂದು ಹೋದ್ರು.

ಅವತ್ತು ಹಿತ್ತಲದಾಗ ಅಕ್ಕನ ಮ್ಯಾಲ ನಾ ಹರಿಹಾಯ್ದೆ. ಅಷ್ಟು ಕಷ್ಟಪಟ್ಟು ಕಲಿಸಿದ್ರ ನೀ ನನ್ನ ತೋರಿಸಿ ಕೊಟ್ಟಿ, ನಾಳಿ ಅವ್ರು ಹದಿಮೂರು ಬೇಕಂದ್ರ ಏನು ಮಾಡ್ಲಿ ಅಂತ ಕೂಗಾಡಿದೆ. ಅಕ್ಕ ತಾಟು ತೊಳಕೊಂತ ಎಲ್ಲಾ ಕೇಳಿಸ್ಕೊಂಡ್ಲು. ಸುಳ್ಳು ಹೇಳಿ ಹೋದ್ರ ಅಂವ ದಿನಾ ಉಣ್ಣುವಾಗ ಒಂದೊಂದು ಪಾಠ ಕೇಳ್ತಾನಲ್ಲಬೇ, ನಂದು ಒಂದ ದಿನದಾಗ ಮುಗದು ಹೋಗ್ತೈತಿ ಅಂದ್ಲು. ನಂಗ ಸಿಟ್ಟಿನ್ಯಾಗೂ ನಗಿ ಬಂತು. ನಗೋದು ನಿಂತ ಮ್ಯಾಲ ಅಕಿ ಬೂದಿ ಕೈ ಹಂಗ ಹಿಡಕೊಂಡು, ನನಗ ಅಂವ ಮನಸಿಗೆ ಸೇರ್ಯಾನಬೇ, ಬಾಳ ಸೇರ್ಯಾನ ಅಂದ್ಲು. ಎಷ್ಟೋ ಮಂದಿ ಬಂದು ನೋಡಿ ಹೋಗಿದ್ರು, ಅಕಿ ಬಾಯಾಗಿಂದ ಇಂಥಾ ಮಾತು ನಾ ಕೇಳಿದ್ದಿಲ್ಲ. ಅಂವ ಬ್ಯಾಡಂದ್ರ ಈ ಸಲ ಅಕಿ ತಾಟು ತೊಳದು ಸುಮ್ನಾಗಾಕಿ ಅಲ್ಲ ಅಂತ ನನಗ ಅನಸ್ತು. ನನ್ನ ಕಾಲೇಜಿನ ಚಿಂತಿ ಆಗ ಅಷ್ಟು ದೊಡ್ಡದು ಅನಿಸಲಿಲ್ಲ, ಇದ್ದದ್ದು ಹೇಳ್ತೇನಿ.

ದಿನಾ ಹೋದ್ವು. ಅಕ್ಕ ರೊಟ್ಟಿ ಬಡಿಯೋದು ಬಡೀತಿದ್ಲು, ತಾ ಉಣ್ಣೋದು ಅರ್ಧಕ್ಕ ಬಂತು. ಬಸ್ಸಿನ ಸಪ್ಪಳ ಕೇಳಿದ್ರ ಕಿವಿ ಆ ಕಡೆ. ದೊಡ್ಡವ್ವ ಮಗಳ ಮೋತಿ ನೋಡಿ ನೋಡಿ, ಈ ಸಲನೂ ತೂಕದ ಮಾತ ಬರ್ತೈತೇನೋ ಅಂತ ನಮ್ಮವ್ವನ ಮುಂದ ಕಣ್ಣೀರು ತಗದ್ಲು. ಒಂದು ದಿನ ಸಾಲಿ ಸೂಟಿ ಇತ್ತು, ನಾ ಅಡಗಿ ಮನ್ಯಾಗ ಅಕ್ಕನ ಹಂತ್ಯಾಕ ಕುಂತು ಬಳ್ಳೊಳ್ಳಿ ಸುಲೀತಿದ್ದೆ. ನಾಲತವಾಡದ ಹಿರಿಯಾ ಬಂದ. ಚಪ್ಪಲಿ ಬಿಡೂಕಿಂತ ಮೊದಲ ಅವನ ಮೋತಿ ಸರಿ ಇಲ್ಲ ಅಂತ ದೊಡ್ಡವ್ವ ನೋಡಿದ್ಲಂತ. ದೊಡ್ಡಪ್ಪ, ನಮ್ಮಪ್ಪ, ಕಾಕಾ ಪಡಸಾಲ್ಯಾಗ ಕುಂತ್ರು. ಹೆಂಗಸರು ಒಳಬಾಗಲ ಹಂತ್ಯಾಕ ನಿಂತ್ರು. ಮಾವ ಮಾತ್ರ ಅಲ್ಲೇ ಮಲಗಿದ್ದ.

ಹಿರಿಯಾ ನೀರು ಕುಡದು, ಮೀಸಿ ಒರಸಿಕೊಂಡು, ಮಾತು ಹ್ಯಾಂಗ ಹೇಳ್ಲಿ ತಿಳಿವಲ್ದು ಅಂದ. ಹುಡುಗಗ ನಿಮ್ಮ ಮನಿ ಪಸಂದ ಐತಿ. ಆದ್ರ ಯಾವ ಹುಡುಗಿ ಅಂತ ನಾ ಕೇಳಿದ್ರ ಅಂವ, ಹೆಸರು ಹೇಳಿ ಉಪಯೋಗ ಇಲ್ರಿ, ಮೂವರದೂ ಒಂದ ಹೆಸರು, ಹದಿನಾಲ್ಕು ಅಂತ ಹೇಳ್ರಿ, ತಿಳಿಯೋರಿಗೆ ತಿಳೀತೈತಿ ಅಂದ. ಅದಾದ್ರ ಲಗ್ನ ಆಗ್ತೇನಿ, ಇಲ್ಲಂದ್ರ ಬ್ಯಾಡ ಅಂದ. ಎಷ್ಟು ಬಿಡಿಸಿ ಕೇಳಿದ್ರೂ ನಕ್ಕೊಂತ ಅಷ್ಟ ಅಂದ.

ಸಣ್ಣಾಕಿಗೆ ಆಗ ಹದಿನಾಲ್ಕು ವರ್ಷ ನಡದಿದ್ವು.

ಸಣ್ಣಾಕಿ ಅವ್ವ, ನಮ್ಮ ಚಿಗವ್ವ, ಬಾಗಲದಾಗಿಂದ ಸುರು ಮಾಡಿದ್ಲು ನೋಡ್ರಿ. ಗಂಡಸರ ಮುಂದ ಸೆರಗು ಸರಿಸದಾಕಿ ಅವತ್ತು ಯಾರನ್ನೂ ಕಾಯಲಿಲ್ಲ. ಎಲಿ ಅಡಿಕಿ ತಾಟು ಹಿಡದಾಗ ಅಂವ ನನ್ನ ಕೂಸಿನ್ನ ನೋಡಿದ್ದು ನಾ ಆಗಲೇ ನೋಡೇನಿ, ಇನ್ನೂ ಪರಕರ ಉಡೋ ಹುಡುಗಿನ್ನ ಕೇಳಾಕ ಅವನಿಗೆ ನಾಚಿಕಿ ಇಲ್ಲೇನು, ಮಾಸ್ತರ ಅಂತ, ಎಂಥಾ ಮಾಸ್ತರ ಅಂತ ಒಂದ ಸವನ ಬೈದ್ಲು. ಕಾಕಾನ ಕಣ್ಣು ಕೆಂಪಾದ್ವು. ನಮ್ಮಪ್ಪ, ವಯಸ್ಸು ಇರಲಿಕ್ಕಿಲ್ಲ, ಹದಿನಾಲ್ಕು ತೊಲಿ ಬಂಗಾರ ಇರಬೇಕು ಅಂದ. ಅದಕ್ಕ ಇನ್ನೂ ಗದ್ದಲ ಆತು. ಕಡೀಕ ದೊಡ್ಡಪ್ಪ ಕೈ ಎತ್ತಿದ. ಬಂಗಾರ ಇರಲಿ, ವಯಸ್ಸು ಇರಲಿ, ಎರಡೂ ನಮ್ಮಿಂದ ಆಗಂಗಿಲ್ಲ, ಈ ಮನ್ಯಾಗ ಕನ್ಯಾ ಇಲ್ಲಂತ ಅವರಿಗೆ ಹೇಳಿಬಿಡ್ರಿ ಅಂದ. ಹಿರಿಯಾ ನಿಟ್ಟುಸಿರು ಬಿಟ್ಟು, ನನಗೂ ಸರಿ ಅನಿಸಿದ್ದಿಲ್ಲ ಅನಕೊಂತ ಧೋತರದ ಚುಂಗು ಎತ್ತಿಕೊಂಡು ಎದ್ದ. ಬಸ್ಸು ಬರೋ ಹೊತ್ತಾಗಿತ್ತು.

ಒಳಗ ಅಕ್ಕನ ಕೈ ಹಿಟ್ಟಿನ ಮ್ಯಾಲ ಹಂಗ ನಿಂತಿತ್ತು. ಹದಿನಾಲ್ಕು ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ಅಕಿ ನನ್ನ ನೋಡಿದ್ಲು, ನಾ ಅಕಿನ್ನ ನೋಡಿದೆ. ಇಬ್ಬರಿಗೂ ತಿಳದಿತ್ತು. ಅಕ್ಕನ ಮೋತಿ ಮ್ಯಾಲ ಬಂದ ಬೆಳಕನ್ನ ನಾ ಇನ್ನೊಮ್ಮೆ ಯಾರ ಮೋತಿ ಮ್ಯಾಲೂ ನೋಡಿಲ್ಲ. ಹೊರಗಿನ ಗದ್ದಲಕ್ಕ ಅದು ಹಂಗ ಆರಾಕ ಹತ್ತಿತು. ನಾ ಬಳ್ಳೊಳ್ಳಿ ಮೊರ ಸರಿಸಿ ಎದ್ದೆ, ಹೋಗಿ ಹೇಳಿಬಿಡ್ತೇನಿ ಅಂತ. ಅಕ್ಕ ಹಿಟ್ಟಿನ ಕೈಲೆ ನನ್ನ ಮುಂಗೈ ಹಿಡದ್ಲು. ನೀ ಹೇಳಿದ್ರ ನೀ ಕಲಿಸಿದ ಆಟ ಅಂತಾರ, ಕುಂಡ್ರು ಅಂದ್ಲು. ಕೈ ತೊಳಕೊಳ್ಳಲಿಲ್ಲ, ಸೆರಗೂ ಸರಿ ಮಾಡ್ಕೊಳ್ಳಲಿಲ್ಲ. ಅವ್ವಂದಿರನ್ನ ಸರಿಸಿಕೊಂಡು, ಗಂಡಸರು ಕುಂತಾಗ ನಾವು ಹುಡುಗ್ಯಾರು ಕಾಲು ಇಡದ ಪಡಸಾಲಿ ಹೊಸ್ತಿಲಾ ದಾಟಿ ನಡು ಹೋಗಿ ನಿಂತ್ಲು. ಹಿರಿಯಾ ಒಂದು ಕಾಲು ಚಪ್ಪಲಿಯೊಳಗ ಇಟ್ಟಾವ ಅಲ್ಲೇ ನಿಂತ.

"ಅಪ್ಪಾ, ಬ್ಯಾಡ ಅನ್ನಬ್ಯಾಡ. ಆ ಹದಿನಾಲ್ಕು ನಾನ."

ದೊಡ್ಡಪ್ಪ ಮಗಳನ್ನ ಕೆಳಗಿಂದ ಮ್ಯಾಲಿನ ತನಕ ನೋಡಿದ. ನಿನಗ ಹತ್ತೊಂಬತ್ತು ನಡದಾವಲ್ಲವಾ, ಅಂದ ಮೆತ್ತಗ.

"ವಯಸ್ಸಲ್ಲಪಾ," ಅಂದ್ಲು ಅಕ್ಕ, ತಲಿ ಬಗ್ಗಿಸಲಿಲ್ಲ. "ತೂಕ."